ನಮ್ಮ ಕೊಡಗಿನ ಚಳಿ ಕಾರಿನ ಬ್ಯಾಟರಿಗೆ ಚಳಿಯೇ ಅಲ್ಲ

ಕೊಡಗಿನಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ತೆಗೆದರೆ ಸಾಕು, ಯಾರಾದರೂ ಒಬ್ಬರು ಚಳಿಯನ್ನು ಎಳೆದು ತರುತ್ತಾರೆ. "ನಮ್ಮ ಥಂಡಿಗೆ ಬ್ಯಾಟರಿ ಎಲ್ಲಿ ನಿಲ್ಲುತ್ತೆ ಮಾರಾಯ, ಬೆಂಗಳೂರಿನವರಿಗೆ ಸರಿ ಅದು" ಅಂತ. ಸೋಮವಾರಪೇಟೆಯ ನಮ್ಮ ಭಾವನದ್ದೂ ಇದೇ ರಾಗ. ನಾನಿರುವುದು ನಾರ್ವೆಯ ಓಸ್ಲೋದಲ್ಲಿ. ಈ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ಎಲೆಕ್ಟ್ರಿಕ್. ಜನವರಿಯಲ್ಲಿ ಮೈನಸ್ 10 ಡಿಗ್ರಿ ಅಂದರೆ ಇಲ್ಲಿ ಸುದ್ದಿಯೇ ಅಲ್ಲ. ಹೀಗಿರುವಾಗ ಮಡಿಕೇರಿಯ ಡಿಸೆಂಬರ್ ಬೆಳಗಿನ 11-12 ಡಿಗ್ರಿಗೆ ಕಾರು ಕೈಕೊಡುತ್ತೆ ಅಂದರೆ ನಗು ಬರುತ್ತದೆ. ಭಾವನ ಎದುರು ನಗೋಕಾಗಲ್ಲ, ಅದು ಬೇರೆ ಮಾತು.

ಹಾಗಂತ ಚಳಿಗೆ ರೇಂಜ್, ಅಂದರೆ ಒಂದು ಫುಲ್ ಚಾರ್ಜಿಗೆ ಕಾರು ಓಡುವ ದೂರ, ಬೀಳುವುದು ಸುಳ್ಳೇನಲ್ಲ. ಚೆನ್ನಾಗಿಯೇ ಬೀಳುತ್ತದೆ. ನಾರ್ವೆಯ ವಾಹನ ಸವಾರರ ಸಂಘ ಎನ್‌ಎಎಫ್ ಪ್ರತಿ ಚಳಿಗಾಲ ಒಂದಿಷ್ಟು ಹೊಸ ಕಾರುಗಳನ್ನು ಫುಲ್ ಚಾರ್ಜ್ ಮಾಡಿ ಓಸ್ಲೋದಿಂದ ಬೆಟ್ಟದ ಕಡೆಗೆ ಓಡಿಸುತ್ತದೆ, ಪೂರ್ತಿ ನಿಂತುಹೋಗುವ ತನಕ. ಜನ ಇದನ್ನು ಕ್ರಿಕೆಟ್ ಸ್ಕೋರ್ ನೋಡಿದ ಹಾಗೆ ನೋಡುತ್ತಾರೆ. 2024ರ ಸರದಿಯಲ್ಲಿ ಮೈನಸ್ 2ರಿಂದ ಮೈನಸ್ 10ರವರೆಗಿನ ಚಳಿಯಿತ್ತು. 629 ಕಿಮೀ ಅಂತ ಬರೆದುಕೊಂಡಿದ್ದ ಟೆಸ್ಲಾ ಮಾಡೆಲ್ 3 ಅವತ್ತು ನಿಂತಿದ್ದು 441ಕ್ಕೆ. ಹತ್ತಿರ ಹತ್ತಿರ ಮೂರನೇ ಒಂದು ಭಾಗ ಹೋಯಿತು.

ಆದರೆ ಎಲ್ಲಿ ಹೋಯಿತು ಅನ್ನೋದನ್ನು ನೋಡಬೇಕು. ಬ್ಯಾಟರಿ ಒಳಗೆ ಲಿಥಿಯಂ ಅಯಾನುಗಳು ಓಡಾಡುವ ದ್ರವ ಚಳಿಗೆ ಮಂದವಾಗುತ್ತದೆ, ಡಿಸೆಂಬರಿನಲ್ಲಿ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುತ್ತಲ್ಲ, ಅಷ್ಟಲ್ಲದಿದ್ದರೂ ಅದೇ ದಾರಿ. ಅದರಿಂದ ಆಗುವ ನಷ್ಟ ಒಂದು ಪಾಲು ಮಾತ್ರ. ದೊಡ್ಡ ಪಾಲು ನುಂಗುವುದು ಹೀಟರ್. ಅಮೆರಿಕದ ವಾಹನ ಸವಾರರ ಸಂಘ ಎಎಎ 2019ರಲ್ಲಿ ಐದು ಕಾರುಗಳನ್ನು ಸುಮಾರು ಮೈನಸ್ 7 ಡಿಗ್ರಿಯಲ್ಲಿ ಪರೀಕ್ಷಿಸಿತು. ಹೀಟರ್ ಹಾಕದೆ ಓಡಿಸಿದಾಗ ರೇಂಜ್ ಬಿದ್ದಿದ್ದು ಶೇಕಡಾ 12. ಹೀಟರ್ ಹಾಕಿದಾಗ ಶೇಕಡಾ 41. ಪೆಟ್ರೋಲ್ ಕಾರಿನಲ್ಲಿ ಈ ಲೆಕ್ಕವೇ ಬರಲ್ಲ. ಯಾಕಂದರೆ ಎಂಜಿನ್ ತಾನು ಕುಡಿದ ಪೆಟ್ರೋಲಿನ ಅರ್ಧಕ್ಕಿಂತ ಜಾಸ್ತಿಯನ್ನು ಹೇಗೂ ಬಿಸಿಯಾಗಿ ಹಾಳುಮಾಡುತ್ತದೆ, ಅದರಲ್ಲೇ ಒಂದಿಷ್ಟನ್ನು ಒಳಗೆ ಬಿಟ್ಟರೆ ನಮಗೆ ಬಿಟ್ಟಿ ಹೀಟರ್. ಎಲೆಕ್ಟ್ರಿಕ್ ಮೋಟಾರು ಅಷ್ಟು ಹಾಳುಮಾಡಲ್ಲ. ಅದಕ್ಕೇ ಬೆಚ್ಚಗಿರಬೇಕಾದರೆ ಬ್ಯಾಟರಿಯಿಂದಲೇ ಕೊಡಬೇಕು. ಅದರಲ್ಲೂ ಸಣ್ಣ ಸಣ್ಣ ಓಡಾಟ ಜಾಸ್ತಿ ತಿನ್ನುತ್ತದೆ, ಪ್ರತಿ ಸಲ ಅಂಗಡಿ ಮುಂದೆ ನಿಲ್ಲಿಸಿ ವಾಪಸ್ ಬರುವಷ್ಟರಲ್ಲಿ ಕಾರು ತಣ್ಣಗಾಗಿರುತ್ತೆ, ಮತ್ತೆ ಮೊದಲಿಂದ ಕಾಯಿಸಬೇಕು.

ಇಲ್ಲಿಯವರು ಇದಕ್ಕೆ ಹೊಂದಿಕೊಂಡ ರೀತಿ ನೋಡಿ. ರಾತ್ರಿ ಕಾರಿಗೆ ವೈರ್ ಚುಚ್ಚುತ್ತಾರೆ. ಬೆಳಗ್ಗೆ ಏಳಕ್ಕೆ ಹೊರಡಬೇಕು ಅಂತ ಆ್ಯಪಿನಲ್ಲಿ ಹಾಕಿಡುತ್ತಾರೆ. ಆರೂವರೆಗೆಲ್ಲ ಕಾರು ಮನೆಯ ಕರೆಂಟಿನಿಂದಲೇ ತನ್ನಷ್ಟಕ್ಕೆ ಬೆಚ್ಚಗಾಗೋಕೆ ಶುರು. ಕೆಳಗಿಳಿದು ಬಂದರೆ ಮುಂದಿನ ಗಾಜಿನ ಮೇಲಿನ ಹಿಮ ಕೆಳಗಡೆಯಿಂದ ಕರಗಿ ವೈಪರ್ ಮೇಲೆ ಜಾರಿ ಕೂತಿರುತ್ತದೆ. ಪಕ್ಕದ ಡೀಸೆಲ್ ಕಾರಿನವರು ಗ್ಲೋವ್ಸ್ ಹಾಕಿಕೊಂಡು ಪ್ಲಾಸ್ಟಿಕ್ ಪಟ್ಟಿಯಲ್ಲಿ ಗಾಜು ಕೆರೆಯುತ್ತಿರುತ್ತಾರೆ. ಚಳಿ ದೇಶಗಳಲ್ಲಿ ಎಂಜಿನ್ ಹೆಪ್ಪುಗಟ್ಟದಿರಲಿ ಅಂತ ಹಿಂದಿನಿಂದಲೂ ಪೆಟ್ರೋಲ್ ಕಾರಿಗೂ ರಾತ್ರಿ ಹೀಟರ್ ವೈರ್ ಚುಚ್ಚುವ ರೂಢಿ ಇದೆ. ಹಾಗಾಗಿ ಕಾರಿಗೆ ಕರೆಂಟು ಕೊಡೋದು ಇವರಿಗೆ ಹೊಸದಾಗಿ ಕಾಣಲೇ ಇಲ್ಲ. ಇನ್ನು ಪರಿಸರದ ಮೇಲಿನ ಪ್ರೀತಿಗೆ ಇಷ್ಟೊಂದು ಜನ ಇವಿ, ಅಂದರೆ ಎಲೆಕ್ಟ್ರಿಕ್ ಕಾರು, ತಗೊಂಡರು ಅಂತ ತಿಳಿಯಬೇಡಿ. ಶೇಕಡಾ 25ರ ವ್ಯಾಟ್ ವರ್ಷಗಟ್ಟಲೆ ಇವಿಗೆ ಇರಲೇ ಇಲ್ಲ. 2023ರಲ್ಲಿ, ಬೆಲೆ 5 ಲಕ್ಷ ಕ್ರೋನರ್ (ಇಲ್ಲಿನ ದುಡ್ಡು) ದಾಟಿದ ಭಾಗಕ್ಕೆ ಮಾತ್ರ ಹಾಕೋಕೆ ಶುರು ಮಾಡಿದರು. ದುಡ್ಡು ಉಳಿದರೆ ಯಾರಿಗೆ ಬೇಡ?

ಈಗ ಕೊಡಗಿಗೆ ಬನ್ನಿ. ಜಿಯೋಟ್ಯಾಬ್ ಅನ್ನುವ ಕಂಪನಿ 4,200 ಎಲೆಕ್ಟ್ರಿಕ್ ವಾಹನಗಳ ಓಡಾಟದ ಲೆಕ್ಕ ತೆಗೆದು ನೋಡಿತ್ತು. ಅದರ ಪ್ರಕಾರ ರೇಂಜ್ ಅತಿ ಹೆಚ್ಚು ಸಿಗುವುದು 21.5 ಡಿಗ್ರಿಯಲ್ಲಿ. 21.5 ಅಂದರೆ ಏನು? ಮಡಿಕೇರಿಯಲ್ಲಿ ವರ್ಷದ ಎಷ್ಟೋ ದಿನ ಹಗಲು ಹೊತ್ತಿನಲ್ಲಿ ಇರುವುದೇ ಅದರ ಆಸುಪಾಸು. ಎಸಿ ಬೇಡ, ಹೀಟರ್ ಬೇಡ, ಕಿಟಕಿ ಇಳಿಸಿದರೆ ಆಯಿತು. ರಾಯಚೂರಿನ ಮೇ ತಿಂಗಳಲ್ಲಿ ಎಸಿ ಹಾಕಿಕೊಂಡು ಓಡಿಸುವವರಿಗಿಂತ ನಮ್ಮವರಿಗೆ ರೇಂಜ್ ಚೆನ್ನಾಗಿಯೇ ಸಿಗಬೇಕು. ಕಾಫಿ ಕೊಯ್ಲಿನ ಕಾಲದಲ್ಲಿ ಬೆಳಗಿನ ಜಾವ ಒಂದರ್ಧ ಗಂಟೆ ಹೀಟರ್ ಬೇಕು ಅನ್ನಿಸಬಹುದು. ಅದಕ್ಕೆ ಸ್ವೆಟರ್ ಇದೆ. ಚಳಿಗೆ ರೇಂಜ್ ಬೀಳುತ್ತೆ ಅಂತ ನಮ್ಮ ದೇಶದಲ್ಲಿ ತಲೆಕೆಡಿಸಿಕೊಳ್ಳಬೇಕಾದವರು ಲೇಹ್‌ನವರು, ಸೋಮವಾರಪೇಟೆಯವರಲ್ಲ.

ನಮ್ಮಲ್ಲಿ ರೇಂಜ್ ತಿನ್ನುವುದು ಘಾಟಿ. ಇದನ್ನು ಯಾಕೋ ಯಾರೂ ಲೆಕ್ಕ ಹಾಕಲ್ಲ. ಕಾರಿನ ಬ್ಯಾಟರಿಯನ್ನು ಅಳೆಯುವುದೂ ಮನೆಯ ಕರೆಂಟ್ ಬಿಲ್ಲಿನ ಅದೇ ಯೂನಿಟ್‌ನಲ್ಲಿ, ಹಾಗಾಗಿ ಲೆಕ್ಕ ಸುಲಭ. ಜನ, ಲಗೇಜು ಸೇರಿ 1,800 ಕಿಲೋ ತೂಗುವ ಕಾರು ಮೈಸೂರಿನಿಂದ ಮಡಿಕೇರಿಗೆ ಬರಬೇಕಾದರೆ ಹತ್ತಿರ ಹತ್ತಿರ 400 ಮೀಟರ್ ಮೇಲೇರಬೇಕು. ಆ ಏರಿಗೆ ಅಂತಲೇ ಖರ್ಚಾಗುವುದು ಸುಮಾರು 2 ಯೂನಿಟ್, ಅಂದರೆ ಸಮತಟ್ಟು ರಸ್ತೆಯ ಹದಿನೈದು ಕಿಮೀ ಓಟ. ಏನೂ ಅಲ್ಲ ಅದು. ಮಂಗಳೂರಿನಿಂದ ಸುಳ್ಯ, ಸಂಪಾಜೆ ಮೇಲೆ ಬಂದರೆ ಕತೆ ಬೇರೆ. ಸಮುದ್ರದ ಮಟ್ಟದಿಂದ 1,150 ಮೀಟರ್ ಏರಬೇಕು. 6 ಯೂನಿಟ್‌ಗೆ ಮೇಲೆಯೇ ಬೇಕು, 40-45 ಕಿಮೀ ಓಟದಷ್ಟು. ದಾರಿ 140 ಕಿಮೀ ಇದ್ದರೂ ಬ್ಯಾಟರಿಗೆ ಅದು 180ರ ಹಾಗೆ. ಇದು ನಾರ್ವೆಯ ಮೈನಸ್ ಚಳಿಯಲ್ಲಿ ಆಗುವ ನಷ್ಟಕ್ಕೆ ಹತ್ತಿರ ಬರುತ್ತೆ, ಅಲ್ವಾ? ವ್ಯತ್ಯಾಸ ಇಷ್ಟೇ, ಹೀಟರ್ ತಿಂದದ್ದು ಹೋಯಿತು, ಘಾಟಿ ತಿಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಯುವಾಗ ಮೋಟಾರಿನಿಂದಲೇ ಬ್ಯಾಟರಿಗೆ ವಾಪಸ್ ಬರುತ್ತದೆ.

ವಾಪಸ್ ಬರಬೇಕಾದರೆ ಜಾಗ ಇರಬೇಕು ಅನ್ನೋದನ್ನು ಮಾತ್ರ ಮರೆಯಬಾರದು. ಮಡಿಕೇರಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಹಾಕಿ, ನೂರಕ್ಕೆ ನೂರು ತುಂಬಿಸಿಕೊಂಡು, ಬೆಳಗ್ಗೆ ಸೀದಾ ಸಂಪಾಜೆ ಘಾಟಿ ಇಳಿದರೆ ಬ್ಯಾಟರಿಗೆ ಇನ್ನೊಂದು ಹನಿ ಹಿಡಿಯಲ್ಲ. ಆಗ ಆಕ್ಸಿಲರೇಟರ್ ಬಿಟ್ಟರೂ ಕಾರು ತನ್ನಷ್ಟಕ್ಕೆ ನಿಧಾನವಾಗಲ್ಲ, ಎಲ್ಲ ಭಾರವೂ ಬ್ರೇಕ್ ಪ್ಯಾಡಿನ ಮೇಲೆ. ದಿನಾ ರೀಜನ್, ಅಂದರೆ ಮೋಟಾರೇ ಕಾರನ್ನು ತಡೆದು ಬ್ಯಾಟರಿಗೆ ಕರೆಂಟು ವಾಪಸ್ ತುಂಬುವುದನ್ನು, ನಂಬಿಕೊಂಡು ಓಡಿಸಿದವರಿಗೆ ಮೊದಲ ತಿರುವಿನಲ್ಲೇ ಎದೆ ಝಲ್ ಅನ್ನುತ್ತೆ. ಸುಳ್ಯ ಕಡೆ ಇಳಿಯುವವರು 85-90ಕ್ಕೆ ನಿಲ್ಲಿಸಿಕೊಳ್ಳಿ. ಕರೆಂಟೂ ಉಳಿಯುತ್ತೆ, ಬ್ರೇಕೂ ಉಳಿಯುತ್ತೆ.

ಇನ್ನು ಶೋರೂಮಿನ ನಂಬರು. ನಮ್ಮಲ್ಲಿ ರೇಂಜ್ ಅಂತ ಕೊಡುವುದು ಎಂಐಡಿಸಿ ಅನ್ನುವ ಪರೀಕ್ಷೆಯ ಲೆಕ್ಕ. ಲ್ಯಾಬಿನೊಳಗೆ ರೋಲರ್ ಮೇಲೆ ಓಡಿಸುವುದು, ವೇಗ 90 ದಾಟಲ್ಲ, ಘಾಟಿ ಇಲ್ಲ. 45 ಯೂನಿಟ್‌ನ ಟಾಟಾ ನೆಕ್ಸಾನ್ ಇವಿಗೆ ಆ ಲೆಕ್ಕದಲ್ಲಿ 489 ಕಿಮೀ. ಅದೇ ಕಂಪನಿ ನಿಜವಾದ ರಸ್ತೆಯಲ್ಲಿ ಸಿಗಬಹುದು ಅಂತ ಕೊಟ್ಟಿರುವುದು 350ರಿಂದ 370. ಅದನ್ನು ಅವರೇ ಹೇಳಿದ್ದು ಒಳ್ಳೆಯದೇ ಆಯಿತು. ಆದರೆ ನಮ್ಮವರು ಹೇಳುವಾಗ ಹೇಳೋದು 489. ಓಡಿಸಿದಾಗ 340 ಬಂದರೆ "ನೋಡಿದ್ಯಾ, ನಮ್ಮ ಚಳಿಗೆ ಆಗಲ್ಲ ಅಂದಿದ್ದೆ" ಅಂತ ಪಾಪದ ಚಳಿಯ ತಲೆಗೆ ಕಟ್ಟುತ್ತಾರೆ! ಇಲ್ಲಿ ಓಸ್ಲೋದಲ್ಲಿ ಯಾರನ್ನಾದರೂ ನಿಮ್ಮ ಕಾರು ಎಷ್ಟು ಓಡುತ್ತೆ ಅಂತ ಕೇಳಿದರೆ ಎರಡು ನಂಬರು ಹೇಳುತ್ತಾರೆ, ಬೇಸಿಗೆಯದ್ದೊಂದು, ಚಳಿಗಾಲದ್ದೊಂದು. ನಾವೂ ಎರಡು ಇಟ್ಟುಕೊಳ್ಳಬಹುದು. ಮೈಸೂರು ಕಡೆಗೊಂದು, ಮಂಗಳೂರು ಕಡೆಗೊಂದು.

ನಿಜವಾಗಿ ತಲೆಬಿಸಿ ಮಾಡಿಕೊಳ್ಳಬೇಕಾದದ್ದು ಮಳೆಗಾಲದ ಕರೆಂಟಿನ ಬಗ್ಗೆ. ಜುಲೈನಲ್ಲಿ ಒಂದು ಗಾಳಿ ಬೀಸಿ ಸಿಲ್ವರ್ ಮರ ಲೈನಿನ ಮೇಲೆ ಬಿದ್ದರೆ ತೋಟದ ಮನೆಗಳಿಗೆ ಎರಡು ಮೂರು ದಿನ ಕರೆಂಟಿರಲ್ಲ. ಇದು ಭಾವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಅವನು ಕೇಳೋದು ಚಳಿಯ ಬಗ್ಗೆ. ಮಳೆಗಾಲದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡದೆ ದಿನಾ ಸ್ವಲ್ಪ ಸ್ವಲ್ಪ ತುಂಬಿಸುತ್ತಿದ್ದರೆ ಮಡಿಕೇರಿಗೆ ಹೋಗಿಬರೋಕೆ ಯಾವಾಗಲೂ ಸಾಕಾಗುತ್ತೆ. ಇನ್ನೂ ಒಂದಿದೆ, ಈಗಿನ ಕೆಲವು ಕಾರುಗಳಿಂದ ವೈರ್ ಎಳೆದು ಮನೆಯ ಫ್ರಿಜ್ಜು, ಲೈಟು ಓಡಿಸಬಹುದು. ದಿನಕ್ಕೆ ಮೂರು ನಾಲ್ಕು ಯೂನಿಟ್ ಸುಡುವ ಮನೆಗೆ 45 ಯೂನಿಟ್‌ನ ಬ್ಯಾಟರಿ ಶೆಡ್ಡಿನಲ್ಲಿ ನಿಂತಿದ್ದರೆ ಯುಪಿಎಸ್ ಯಾಕೆ?

ಅದಕ್ಕಿಂತ ಮೊದಲು ಅರ್ತ್ ನೋಡಿಸಬೇಕು. ಹಳೆಯ ತೋಟದ ಮನೆಗಳಲ್ಲಿ ಅರ್ತಿಂಗ್ ಅನ್ನೋದು ಹೆಸರಿಗೆ ಮಾತ್ರ. ಬಲ್ಬು, ಮಿಕ್ಸಿಗೆ ಅದು ಗೊತ್ತಾಗಲ್ಲ. ಕಾರಿನ ಚಾರ್ಜರಿಗೆ ಗೊತ್ತಾಗುತ್ತೆ, ಚುಚ್ಚಿದ ಕೂಡಲೇ ಕೆಂಪು ಲೈಟ್ ಹಾಕಿ ಸುಮ್ನೆ ಕೂತುಬಿಡುತ್ತದೆ. ಹೊಸ ಅರ್ತ್ ಗುಂಡಿ ತೋಡಿಸಿ, ಪೈಪಿಳಿಸಿ, ಇದ್ದಿಲು ಉಪ್ಪು ತುಂಬಿಸಿ, ಬೇಸಿಗೆಯಲ್ಲಿ ಒಣಗದಂತೆ ನೀರು ಹೊಯ್ಯಬೇಕು. ನಮ್ಮೂರಿನ ಎಲೆಕ್ಟ್ರಿಷಿಯನ್ನಿಗೆ ಇದು ಒಂದು ದಿನದ ಕೆಲಸ. ಸರಿಯಾದ 15 ಆಂಪಿಯರ್ ಪಾಯಿಂಟ್ ಇದ್ದರೆ ಗಂಟೆಗೆ 3 ಯೂನಿಟ್ ತುಂಬುತ್ತದೆ, ರಾತ್ರಿ ಹತ್ತು ಗಂಟೆ ಹಾಕಿಟ್ಟರೆ 200 ಕಿಮೀ ಓಟಕ್ಕೆ ಸಾಕು. ಪಂಪ್‌ಸೆಟ್ಟಿನ ಲೈನಿಂದ ಎಳೆಯೋ ಯೋಚನೆ ಬೇಡ. ಅದು ನೀರು ಹಾಯಿಸೋಕೆ ಕೊಟ್ಟ ಕರೆಂಟು.

ಒಂದು ವಿಷಯದಲ್ಲಿ ಮಾತ್ರ ನಾರ್ವೆಯವರನ್ನು ನೋಡಿ ಹೊಟ್ಟೆಕಿಚ್ಚಾಗುತ್ತದೆ. ಈಸ್ಟರ್ ರಜೆ ಬಂತೆಂದರೆ ಇಲ್ಲಿ ಅರ್ಧ ಊರೇ ಬೆಟ್ಟದ ಮೇಲಿನ ತಮ್ಮ ಮರದ ಮನೆಗಳಿಗೆ ಹೊರಡುತ್ತದೆ, ದಾರಿಯ ಚಾರ್ಜರ್‌ಗಳ ಮುಂದೆ ಸಾಲು. ಬೆಂಗಳೂರಿನವರು ಶನಿವಾರ ಮಡಿಕೇರಿಗೆ ಬರುವ ಹಾಗೇ ಅಂದುಕೊಳ್ಳಿ. ಬೆಟ್ಟದ ಮನೆಯಲ್ಲೇ ಚಾರ್ಜರ್ ಇದ್ದವರು ಆ ಸಾಲಿನಲ್ಲಿ ನಿಲ್ಲೋದೇ ಇಲ್ಲ. ಬೆಂಗಳೂರಿನಿಂದ ಸುಮಾರು 260 ಕಿಮೀ ಓಡಿ ಬಂದ ಇವಿಯಲ್ಲಿ ಉಳಿದಿರುವುದೇ ಸ್ವಲ್ಪ. ನಮ್ಮಲ್ಲಿ ಇಷ್ಟೊಂದು ಹೋಮ್‌ಸ್ಟೇಗಳಿವೆ, ಪಂದಿ ಕರಿ ಕಡುಬು ಸಿಗುತ್ತೆ, ಕ್ಯಾಂಪ್‌ಫೈರ್ ಇದೆ ಅಂತ ಬೋರ್ಡ್ ಹಾಕುತ್ತಾರೆ. ಶೆಡ್ಡಿನಲ್ಲಿ ಒಂದು 7 ಕಿಲೋವ್ಯಾಟಿನ, ಅಂದರೆ ಗಂಟೆಗೆ 7 ಯೂನಿಟ್ ಕೊಡುವ, ಚಾರ್ಜರ್ ಹಾಕಿಸಿ, ಯೂನಿಟ್ಟಿಗೆ ಇಷ್ಟು ಅಂತ ಬಿಲ್ಲಿಗೆ ಸೇರಿಸಿದರೆ ರಾತ್ರಿ ಮಲಗಿ ಏಳುವಷ್ಟರಲ್ಲಿ ಗಿರಾಕಿಯ ಕಾರು ತುಂಬಿರುತ್ತೆ. ಅವರು ಮುಂದಿನ ಸಲವೂ ಅಲ್ಲಿಗೇ ಬರುತ್ತಾರೆ.

ಭಾವನ ಇನ್ನೊಂದು ತಕರಾರಿಗೆ ನನ್ನಲ್ಲಿ ಉತ್ತರ ಇಲ್ಲ. ಗೇಟಿನಿಂದ ಕಣದವರೆಗಿನ ತೋಟದ ರಸ್ತೆ, ಆಗಸ್ಟಿನ ಕೆಸರು, ಕಾಫಿ ಮೂಟೆ. ಅದಕ್ಕೆ ಜೀಪೇ ಬೇಕು. ಜೀಪ್ ಮಾರು ಅಂತ ನಾನೆಲ್ಲಿ ಹೇಳಿದೆ? ವಾರಕ್ಕೆರಡು ಸಲ ಮಡಿಕೇರಿಗೆ, ಆಗಾಗ ಕುಶಾಲನಗರಕ್ಕೆ, ತಿಂಗಳಿಗೊಮ್ಮೆ ಮೈಸೂರಿಗೆ ಅಕ್ಕನನ್ನು ಕೂರಿಸಿಕೊಂಡು ಹೋಗುವ ಆ ಇನ್ನೊಂದು ಕಾರಿದೆಯಲ್ಲ, ಮಾತು ಅದರದ್ದು.