ಅಮ್ಮನ ಸೂಟ್‌ಕೇಸ್ ಹೊತ್ತ ಅಜ್ಜಿ

ಕಳೆದ ಮೇನಲ್ಲಿ ಅಮ್ಮ ಹಾಸನದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಳು. ನಮ್ಮದು ಲಿಫ್ಟ್ ಇಲ್ಲದ ಹಳೇ ಕಟ್ಟಡ, ಮೂರನೇ ಮಹಡಿ. ನಾನು ಟ್ಯಾಕ್ಸಿಗೆ ದುಡ್ಡು ಕೊಟ್ಟು ತಿರುಗುವಷ್ಟರಲ್ಲಿ ಕೆಳಗಿನ ಮನೆಯ ಅಜ್ಜಿ, ಹಪ್ಪಳ ಸಾರಿನಪುಡಿ ತುಂಬಿದ್ದ ಸೂಟ್‌ಕೇಸನ್ನು ಎತ್ತಿಕೊಂಡು ಅರ್ಧ ಮೆಟ್ಟಿಲು ಹತ್ತಿಬಿಟ್ಟಿದ್ದರು. ಅವರಿಗೆ 78. ಅಮ್ಮನಿಗೆ 66. "ಅಯ್ಯೋ, ಅವರ ಕೈಲಿ ಹೊರಿಸ್ತೀಯಲ್ಲೋ" ಎಂದಳು ಅಮ್ಮ, ಕಂಬಿ ಹಿಡಿದು, ಎರಡು ಮೆಟ್ಟಿಲಿಗೊಮ್ಮೆ ನಿಂತು. ನನಗೆ ಚುಚ್ಚಿದ್ದು ಆ ಮಾತಲ್ಲ, ಅಮ್ಮನ ಮಂಡಿ.

ಅಜ್ಜಿ ಪ್ರತಿ ವರ್ಷ 'ಶ್ಪೋರ್ಟ್‌ಆಬ್‌ತ್ಸೈಶೆನ್' ಎಂಬ ಕ್ರೀಡಾ ಬಿಲ್ಲೆ ಪಡೆಯುತ್ತಾರೆ. ಜರ್ಮನರು 1913ರಿಂದ ಕೊಡುತ್ತ ಬಂದದ್ದು. ತಾಕತ್ತು, ದಮ್ಮು, ವೇಗ, ಮೈಹಿಡಿತ, ನಾಲ್ಕರಲ್ಲೂ ಗೆಲ್ಲಬೇಕು, ಈಜೂ ಬರಬೇಕು. ವಯಸ್ಸಾದಂತೆ ಗುರಿ ಇಳಿಯುತ್ತದೆ, ವಯಸ್ಸಿನ ಪಟ್ಟಿ ಮಾತ್ರ ಮುಗಿಯುವುದಿಲ್ಲ. 90 ದಾಟಿದವರಿಗೂ ಅದರಲ್ಲಿ ಜಾಗವಿದೆ.

ನಮ್ಮಲ್ಲಿ ಷಷ್ಟ್ಯಬ್ದಿಗೇ ಮುಗಿಯಿತು. ಮರುದಿನದಿಂದ "ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ." ತಲೆಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತವಳು ಅಮ್ಮ. ಕುಕ್ಕರಗಾಲಲ್ಲಿ ಕೂತು ಅಂಗಳದ ತುಂಬ ರಂಗೋಲಿ ಇಟ್ಟವಳು. ಒರಳು ಹಿತ್ತಲಿಗೆ ಹಾಕಿದವರು ನಾವು, ಕೆಲಸದವರನ್ನು ಇಟ್ಟವರು ನಾವು. ಪ್ರೀತಿಯಿಂದಲೇ! ಆದರೆ ಮೈಯಿಂದ ಹೋದ ಆ ಕೆಲಸದ ಜಾಗಕ್ಕೆ ಏನನ್ನೂ ತರಲಿಲ್ಲ. ಸಂಜೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೆ ಆಯಿತು ಎಂದುಕೊಂಡೆವು. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಅದನ್ನು ಉಳಿಸಲು ಭಾರ ಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿಮಾಡುವ ಕಸರತ್ತು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೂ ಹೇಳುತ್ತದೆ. ನಮ್ಮೂರಲ್ಲಿ ಯಾವ ಸೊಸೆ ಅತ್ತೆಯ ಕೈಗೆ ಡಂಬೆಲ್ ಕೊಟ್ಟಾಳು? ಕೊಟ್ಟರೆ ನೆಂಟರು ಬಿಟ್ಟಾರೆಯೇ?

ಇಷ್ಟೆಲ್ಲ ಹೇಳಿದ ಮೇಲೆ ಇದನ್ನೂ ಹೇಳಲೇಬೇಕು. ಆ ಅಜ್ಜಿ ಒಬ್ಬರೇ ಇದ್ದಾರೆ. ಮಗ ಬರುವುದು ಕ್ರಿಸ್‌ಮಸ್‌ಗೆ. ಹೊರುವವರು ಬೇರೆ ಯಾರೂ ಇಲ್ಲವೆಂದೂ ಅವರು ಹೊರುತ್ತಿರಬಹುದು. ಅಮ್ಮ ಅದನ್ನು ಒಂದೇ ವಾರದಲ್ಲಿ ಕಂಡುಕೊಂಡಳು: "ಪಾಪ ಕಣೋ. ನಮಗೆ ನೀವಿದ್ದೀರಲ್ಲ." ನಾನು ಇರುವುದು ಸ್ಟುಟ್‌ಗಾರ್ಟ್‌ನಲ್ಲಿ. ಉತ್ತರ ಹೊಳೆಯಲಿಲ್ಲ.

ಊರಿಗೆ ಮರಳಿದ ಮೇಲೆ ದಿನಾ ವಿಡಿಯೋ ಕಾಲ್‌ನಲ್ಲಿ ಅಮ್ಮ ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾಳೆ, ನಾನು ಎಣಿಸುತ್ತೇನೆ. ನಿನ್ನೆ ಅತ್ತಿಗೆ ಅಡುಗೆಮನೆಯಿಂದ ಬಂದು, "ಸಾಕು ಬಿಡಿ ಅತ್ತೆ, ಸುಸ್ತಾಗತ್ತೆ" ಎಂದರು. ಅಮ್ಮ ಎಂಟಕ್ಕೇ ಕೂತುಬಿಟ್ಟಳು.