ಫಾಲ್ಟ್ ಇದ್ದಲ್ಲೆಲ್ಲ ನೀರು ಸಿಗಲ್ಲ: ಸ್ಪಷ್ಟನೆ

'ಬಂಡೆ ಜರುಗಿದ ಬಿರುಕು, ಅಂದ್ರೆ ಫಾಲ್ಟ್, ನೀರಿನ ಪೈಪ್ ಇದ್ದಂಗೆ. ಅಲ್ಲೇ ಬೋರ್ ಹಾಕಿಸಿ' ಅನ್ನೋ ಮೆಸೇಜ್ ಕೊಪ್ಪಳದ ರೈತರ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಜೊತೆಗೆ ಅಮೆರಿಕದ ಯೂಟಾದ ಕೆಂಪು ಮರಳುಗಲ್ಲಿನ ಫೋಟೊ. ಇದನ್ನು ಪೂರ್ತಿ ನಂಬಬೇಡಿ.

ಮರಳುಗಲ್ಲು ಜರುಗಿದಾಗ ಮರಳಿನ ಕಾಳುಗಳು ನುಚ್ಚಾಗಿ ಸಂದುಗಳು ಮುಚ್ಚಿಕೊಳ್ಳುತ್ತವೆ. ಹೀಗೆ ನುಚ್ಚಾದ ತೆಳು ಪಟ್ಟಿ ದಾಟಿ ನೀರು ಹೋಗುವುದು ಕಷ್ಟ. ಪಕ್ಕದ ಬಿರುಕುಗಳಲ್ಲಿ ಉದ್ದಕ್ಕೆ ಹರಿಯಬಹುದು, ಅಷ್ಟೇ. ಇನ್ನು ಯೂಟಾದಲ್ಲೇ ಇರುವ ಮೋಆಬ್ ಫಾಲ್ಟ್ ಬಳಿ ಕೆಂಪು ಕಲ್ಲಿನಲ್ಲಿ ಕಾಣುವ ಬಿಳಿ ಪಟ್ಟೆ? ಹಿಂದೆಂದೋ ಎಣ್ಣೆ, ಅನಿಲ ಬೆರೆತ ದ್ರವ ಹರಿದು ಕೆಂಪು ಬಣ್ಣದ ಕಬ್ಬಿಣವನ್ನು ಕರಗಿಸಿಕೊಂಡು ಹೋಗಿದ್ದರ ಗುರುತು ಅದು, ಈಗ ಅಲ್ಲಿ ನೀರಿದೆ ಅನ್ನೋದರ ಗುರುತಲ್ಲ.

ನಮ್ಮಲ್ಲಿ ಜಾಸ್ತಿ ಇರುವುದು ಗ್ರಾನೈಟ್ ಮತ್ತು ನೈಸ್ (gneiss) ಅನ್ನೋ ಪಟ್ಟೆಪಟ್ಟೆಯ ಗಟ್ಟಿ ಕಲ್ಲು. ಬಿರುಕಿನೊಳಗೆ ಜೇಡಿ ತುಂಬಿದ್ದರೆ ಬೋರ್‌ನಲ್ಲಿ ನೀರು ಸಿಗದೇ ಹೋಗಬಹುದು. ಸಾಲ ಮಾಡಿ ಕೊರೆಸುವವರು ದಯವಿಟ್ಟು ಭೂವಿಜ್ಞಾನಿಯಿಂದ ಪಾಯಿಂಟ್ ನೋಡಿಸಿ.