ನಲ್ಲಿಯ ನೀರು ಲೆನ್ಸ್‌ಗೆ ಆಗದು

ಕಾಂಟ್ಯಾಕ್ಟ್ ಲೆನ್ಸ್ ಆರೈಕೆ ಕುರಿತ ಲೇಖನದಲ್ಲಿ, ಲೆನ್ಸ್ ಮುಟ್ಟುವ ಮುನ್ನ ಸೋಪಿನಿಂದ ಕೈ ತೊಳೆಯಬೇಕೆಂದು ಲೇಖಕರು ಬರೆದಿರುವುದು ಸರಿಯೇ ಆದರೂ, ತೊಳೆದ ಕೈಯನ್ನು ಎಳೆ ಬಿಡದ ಶುಭ್ರ ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಳ್ಳಬೇಕೆಂಬ ಮಾತು ಬಿಟ್ಟುಹೋಗಿದೆ. ಮಂಡ್ಯದಲ್ಲಿದ್ದುಕೊಂಡು 12 ವರ್ಷಗಳಿಂದ ಲೆನ್ಸ್ ಧರಿಸುತ್ತಿರುವ ನನಗೆ ಇದು ಸಣ್ಣ ಲೋಪವೆನಿಸಲಿಲ್ಲ, ಏಕೆಂದರೆ ಒದ್ದೆ ಕೈಯಿಂದ ನಲ್ಲಿ ನೀರು ಲೆನ್ಸ್‌ಗೆ ತಾಗುತ್ತದೆ. ನಲ್ಲಿ ನೀರು, ನಾಲೆ ನೀರು, ಗದ್ದೆಯ ಮಣ್ಣು ಎಲ್ಲೆಡೆ ಇರಬಹುದಾದ ಅಕಾಂತಮೀಬಾ ಎಂಬ ಏಕಕೋಶ ಜೀವಿಯು ಪ್ರತಿಕೂಲ ಸ್ಥಿತಿಯಲ್ಲಿ ಗಟ್ಟಿ ಕವಚದೊಳಗೆ ಅಡಗುವುದರಿಂದ, ಕುಡಿಯುವ ನೀರಿಗೆ ಬೆರೆಸುವಷ್ಟು ಕ್ಲೋರಿನ್‌ಗೆ ಸುಲಭವಾಗಿ ಸಾಯುವುದಿಲ್ಲ; ಅದು ಲೆನ್ಸ್‌ಗೆ ಅಂಟಿ, ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ಸೋಂಕು ತಗುಲಿದರೆ ಚಿಕಿತ್ಸೆ ತಿಂಗಳುಗಟ್ಟಲೆ ಹಿಡಿಯಬಹುದು, ದೃಷ್ಟಿಯೂ ಹೋಗಬಹುದು. ಹಾಗಾಗಿ ವಿಶ್ವೇಶ್ವರಯ್ಯ ನಾಲೆಗೆ ಈಜಲು ಇಳಿಯುವವರಂತೆಯೇ ಬಚ್ಚಲಲ್ಲಿ ಸ್ನಾನ ಮಾಡುವವರೂ ಮೊದಲು ಲೆನ್ಸ್ ತೆಗೆದಿಡಬೇಕು. ಕುದಿಸಿದ ನೀರಿಗೆ ಉಪ್ಪು ಬೆರೆಸಿ ಲೆನ್ಸ್ ತೊಳೆದು ನೆನೆಸಿಡುವ ದ್ರಾವಣವನ್ನು ಮನೆಯಲ್ಲೇ ಮಾಡಿಕೊಳ್ಳುವ ಜಾಣತನವೂ ಬೇಡ.

ಇನ್ನು ಲೆನ್ಸ್ ಇಡುವ ಡಬ್ಬಿಯ ವಿಚಾರ. ದ್ರಾವಣದ ಬಾಟಲಿ ದುಬಾರಿಯೆಂದು ಹಿಂದಿನ ರಾತ್ರಿ ಉಳಿದ ದ್ರಾವಣದ ಮೇಲೆಯೇ ಹೊಸದನ್ನು ನಾಲ್ಕು ಹನಿ ಸುರಿಯುವ ತಪ್ಪನ್ನು ನಾನೂ ಬಹಳ ಕಾಲ ಮಾಡಿದೆ (ಉಳಿತಾಯವಾದದ್ದು ಪುಡಿಗಾಸು). ಹಳೆಯದನ್ನು ಚೆಲ್ಲಿ, ಹೊಸ ದ್ರಾವಣದಿಂದಲೇ ಡಬ್ಬಿ ತೊಳೆದು, ಬೋರಲು ಹಾಕಿ ಒಣಗಿಸಬೇಕು. 3 ತಿಂಗಳಿಗೊಮ್ಮೆ ಡಬ್ಬಿಯನ್ನೇ ಬದಲಿಸಬೇಕು. ಲೆನ್ಸ್ ಹಾಕಿಕೊಂಡೇ ನಿದ್ದೆ ಮಾಡುವುದಂತೂ ಕೂಡದು.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ನೋಡಲಾಗದಂತಾದರೆ ಲೆನ್ಸ್ ತೆಗೆದು ಅದೇ ದಿನ ನೇತ್ರತಜ್ಞರನ್ನು ಕಾಣಬೇಕೇ ಹೊರತು, ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಹನಿ ಹಾಕಿಕೊಳ್ಳಬಾರದು. ಹೋಗುವಾಗ ಲೆನ್ಸನ್ನೂ ಡಬ್ಬಿಯನ್ನೂ ಜೊತೆಗೊಯ್ಯುವುದು ಒಳ್ಳೆಯದು, ಅವುಗಳಿಂದಲೂ ಮಾದರಿ ತೆಗೆದು ಪರೀಕ್ಷಿಸಲು ಸಾಧ್ಯವಿದೆ.